ಅರವತ್ತರ ನಂತರ ಗುಡ್ಡದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಟ

ಸ್ಟೆಂಟ್ ಹಾಕಿಸಿಕೊಂಡವರೂ ಸಕ್ಕರೆ ಕಾಯಿಲೆಯವರೂ ಓಡಲೇಬಾರದು ಎಂದೇನಿಲ್ಲ. ಆದರೆ ಹೆಸರು ಕೊಡುವ ಮೊದಲು ಡಾಕ್ಟರನ್ನು ಸರಿಯಾಗಿ ಕೇಳಬೇಕು. "ವಾಕಿಂಗ್ ಮಾಡಬಹುದಾ?" ಎಂದರೆ ಬಹುತೇಕ ಎಲ್ಲರಿಗೂ ಹೂಂ ಅನ್ನುತ್ತಾರೆ. "ಏರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಬೇಕು" ಎಂದು ಹೇಳಿ. ಆಗ ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಇಸಿಜಿ) ಬೇಕೇ ಎಂದು ನೋಡುತ್ತಾರೆ.

ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆ ತೆಗೆದುಕೊಳ್ಳುವವರು, 220ರಲ್ಲಿ ವಯಸ್ಸು ಕಳೆದು ಗರಿಷ್ಠ ನಾಡಿಬಡಿತ ಅಂದಾಜಿಸುವ ಲೆಕ್ಕವನ್ನು ಮರೆತುಬಿಡಿ. ಈ ಮಾತ್ರೆಗಳು ನಾಡಿಬಡಿತವನ್ನೇ ತಗ್ಗಿಸುವುದರಿಂದ ಕೈಗಡಿಯಾರ ತೋರಿಸುವ ಅಂಕಿ ನಂಬುವಂತಿರುವುದಿಲ್ಲ. ಓಡುತ್ತಲೇ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಬಂದರೆ ವೇಗ ಸರಿಯಿದೆ. ಎರಡೇ ಪದಕ್ಕೆ ದಮ್ಮು ಕಟ್ಟಿದರೆ ನಡೆಯಿರಿ.

ಮುಕ್ಕಾಲು ಗಂಟೆ ಸಲೀಸಾಗಿ ನಡೆಯುವವರಿಗೆ 16 ವಾರದ ತಯಾರಿ ಸಾಕು. ವಾರಕ್ಕೆ ಮೂರೇ ದಿನ ಓಟ, ನಡುವೆ ಒಂದೊಂದು ದಿನ ಬಿಡುವು. ಮೊದಲ ನಾಲ್ಕು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಹತ್ತು ಸಲ. ಹತ್ತನೇ ವಾರದ ಹೊತ್ತಿಗೆ ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ. ಭಾನುವಾರದ ದೂರವನ್ನು ಮೆಲ್ಲಗೆ ಎಂಟು ಕಿಲೋಮೀಟರಿಗೆ ಒಯ್ದು, ಕೊನೆಯ ವಾರ ಅರ್ಧಕ್ಕಿಳಿಸಿ. ಜ್ವರ ಬಂದರೆ ಓಟ ಬಂದ್. ಬಿಟ್ಟ ದಿನಗಳನ್ನು ಒಟ್ಟಿಗೆ ತುಂಬಿಸಲು ಹೋಗಬೇಡಿ.

ಹಾಸನದ ಸಮತಟ್ಟು ರಸ್ತೆಯಲ್ಲಷ್ಟೇ ಓಡಿ ಚಿಕ್ಕಮಗಳೂರಿನ ಗಿರಿ ಕಡೆಗೆ ಬರುವವರು ಏರಿಗೆ ಹೆದರುತ್ತಾರೆ. ಆದರೆ ಕಾಲು ಕೆಡುವುದು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹಿಡಿಯಬೇಕು. ಅಭ್ಯಾಸವಿಲ್ಲದಿದ್ದರೆ ಮಾರನೇ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುತ್ತದೆ, ಮಂಡಿಗೂ ಪೆಟ್ಟು. ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಮಡಚಿರಲಿ, ಪಾದ ದೇಹದ ನೇರ ಕೆಳಗೆ ಬೀಳಲಿ. ವಾರಕ್ಕೆರಡು ದಿನ ಒಂದು ಮೆಟ್ಟಿಲಿನಿಂದ ಒಂಟಿ ಕಾಲಲ್ಲಿ ನಿಧಾನವಾಗಿ ಇಳಿಯುವುದು, ಹಿಮ್ಮಡಿ ಎತ್ತಿ ಇಳಿಸುವುದು, ತಲಾ 12ರಂತೆ ಮೂರು ಸುತ್ತು ಮಾಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ರಸ್ತೆಯಂಚು ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ನುಂಗುವವರಿಗೆ ತರಚು ಗಾಯದ ರಕ್ತವೂ ಬೇಗ ನಿಲ್ಲದು.

ಓಟದ ದಿನ ಎರಡು ಗಂಟೆ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಚಳಿಯಲ್ಲಿ ರಕ್ತನಾಳ ಬಿಗಿದು ಬಿಪಿ ಏರುತ್ತದೆ, ಹಾಗಾಗಿ 15 ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡೇ ಸಾಲಿಗೆ ನಿಲ್ಲಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯ ಹೊತ್ತನ್ನು ಡಾಕ್ಟರ ಬಳಿ ಮೊದಲೇ ಮಾತಾಡಿಕೊಳ್ಳಿ. ಮಂಡಿನೋವಿಗೆಂದು ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ನುಂಗಿ ಓಡುವ ಚಾಳಿ ಅಪಾಯದ್ದು: ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ಮತ್ತು ಬೆವರಿನ ಜೊತೆ ಸೇರಿದರೆ ಏಟು ಬೀಳುವುದು ಕಿಡ್ನಿಗೆ.

ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಇದ್ದವರು ಹೊರಡುವ ಮುನ್ನ ಶುಗರ್ ನೋಡಲೇಬೇಕು. 90ಕ್ಕಿಂತ ಕಡಿಮೆಯಿದ್ದರೆ ಬಾಳೆಹಣ್ಣು ತಿಂದು, ಏರಿದ ಮೇಲಷ್ಟೇ ಓಟ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಶುಗರ್ ಕುಸಿದಾಗ ಬರುವ ಎದೆಬಡಿತವನ್ನು ಮೆಟೊಪ್ರೊಲಾಲ್ ಮರೆಮಾಚಬಹುದು. ಓಡುವವರು ಹೇಗೂ ಬೆವರುವುದರಿಂದ ಬೆವರಿನ ಗುರುತೂ ತಿಳಿಯದು. ತಲೆ ಮಂಕಾದರೆ ಅನುಮಾನಿಸಿ. ಮಾತ್ರೆಗಳ ಹೆಸರು, ಮನೆಯವರ ಫೋನ್ ನಂಬರು ಎದೆಗೆ ಸಿಕ್ಕಿಸುವ ನಂಬರ್ ಚೀಟಿಯ (ಬಿಬ್) ಹಿಂದೆ ಬರೆದಿರಬೇಕು.

ಎದೆ ಹಿಡಿದರೆ, ದವಡೆ ಅಥವಾ ತೋಳು ನೋಯತೊಡಗಿದರೆ ಅಲ್ಲೇ ನಿಂತು ಸ್ವಯಂಸೇವಕರನ್ನು ಕೂಗಿ, ಆಂಬುಲೆನ್ಸ್‌ಗೆ 108. ಗ್ಯಾಸ್ ಇರಬೇಕು ಎಂದು ಮುಂದುವರಿಯುವುದು ಬೇಡ.

ಗೆರೆ ದಾಟಿದೊಡನೆ ನಿಂತುಬಿಟ್ಟರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ. ಹತ್ತು ನಿಮಿಷ ನಡೆಯಿರಿ. ಶುಗರ್ ರಾತ್ರಿಯೂ ಇಳಿಯಬಹುದು, ಮಲಗುವ ಮುನ್ನ ಇನ್ನೊಮ್ಮೆ ನೋಡಿ.