ರಟ್ಟಿನ ಕೊಳವೆಗಳ ಮೇಲೆ ಏಳು ಮೆಟ್ಟಿಲು: ನನ್ನ ಅನುಭವ

ನಮ್ಮ ಮನೆಯ ನವರಾತ್ರಿಯ ಗೊಂಬೆಗಳು ಈಗ ಕೆಲವು ವರ್ಷಗಳಿಂದ ಪೂರ್ತಿಯಾಗಿ ರಟ್ಟಿನ ಕೊಳವೆಗಳ ಮೇಲೆ ಕುಳಿತಿವೆ. ಏಳು ಮೆಟ್ಟಿಲು, ಇಪ್ಪತ್ತೆಂಟು ಕಾಲು, ಒಂದು ಮೊಳೆಯೂ ಇಲ್ಲ. ಇದು ನಿಲ್ಲುವುದಿಲ್ಲವೆಂದು ನನ್ನ ಅತ್ತೆಯವರು, ಓರಗಿತ್ತಿ, ಹಲಗೆ ಕತ್ತರಿಸಿಕೊಟ್ಟ ಬಡಗಿ ಎಲ್ಲರೂ ಹೇಳಿದ್ದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಗಿತ್ತು. ಮೈಸೂರಿನಲ್ಲಿ ಗೊಂಬೆ ಕೂರಿಸುವ ಮನೆಗಳವರಿಗೆ ಮೆಟ್ಟಿಲು, ಬಿಳಿ ಪಂಚೆ, ರಾಜ-ರಾಣಿಯರ ಜೋಡಿಯಾದ ಪಟ್ಟದ ಗೊಂಬೆಗಳ ವಿಷಯವನ್ನು ನಾನು ವಿವರಿಸಬೇಕಾಗಿಲ್ಲವಾದ್ದರಿಂದ, ಕೊಳವೆಗಳ ವಿಷಯವನ್ನಷ್ಟೇ ಬರೆಯುತ್ತೇನೆ.

ಹಳೆಯ ಮನೆಯಲ್ಲಿದ್ದ ಮರದ ಮೆಟ್ಟಿಲುಗಳನ್ನು ಗೆದ್ದಲು ತಿಂದುಹಾಕಿದ್ದರಿಂದ 2018ರಲ್ಲಿ ಹೊಸದನ್ನು ಮಾಡಿಸಲು ವಿಚಾರಿಸಿದೆವು. ಮರದ್ದಕ್ಕೆ ಬಡಗಿ ಹದಿನಾಲ್ಕು ಸಾವಿರ ಕೇಳಿದರು. ಮಡಚುವ ಕಬ್ಬಿಣದ್ದು ಒಂಬತ್ತು ಸಾವಿರದ ಸುಮಾರಿಗೆ ಸಿಗುತ್ತಿತ್ತು, ಆದರೆ ವರ್ಷದ ಉಳಿದ ದಿನಗಳಲ್ಲಿ ಅದನ್ನು ಇಡಲು ನಮ್ಮ ಎರಡು ಕೋಣೆಯ ಮನೆಯಲ್ಲಿ ಜಾಗವಿರಲಿಲ್ಲ. ಆ ವಾರವೇ ಬಟ್ಟೆ ಅಂಗಡಿಯೊಂದರ ಹಿಂಬಾಗಿಲಲ್ಲಿ, ಥಾನು ಸುತ್ತಿ ಬರುವ ರಟ್ಟಿನ ಕೊಳವೆಗಳ ರಾಶಿಯನ್ನು ಗುಜರಿಗೆ ಹಾಕಲು ಇಟ್ಟಿದ್ದನ್ನು ನೋಡಿದೆ. ಕೇಳಿದ ಕೂಡಲೇ ಇಪ್ಪತ್ತು ಕೊಳವೆಗಳನ್ನು ಐವತ್ತು ರೂಪಾಯಿಗೆ ಕೊಟ್ಟರು.

ಆ ವರ್ಷ ನಾನು ಮಾಡಿದ ತಪ್ಪು ಅವುಗಳನ್ನು ಅಡ್ಡಲಾಗಿ ಮಲಗಿಸಿದ್ದು. ಇಟ್ಟಿಗೆಗಳ ಮೇಲೆ ತೊಲೆಯಂತೆ ನಾಲ್ಕು ನಾಲ್ಕು ಕೊಳವೆಗಳನ್ನು ಜೋಡಿಸಿ, ಮೇಲೆ ದಪ್ಪ ರಟ್ಟನ್ನು ಹಾಸಿ, ಪಂಚೆ ಹೊದಿಸಿದೆ. ಪಾಡ್ಯದ ದಿನ ಬಹಳ ಚೆನ್ನಾಗಿ ಕಂಡಿತು. ಮೂರನೆಯ ದಿನದ ಹೊತ್ತಿಗೆ ನಡುಭಾಗ ಜೋತುಬಿದ್ದು, ಅಂಗಡಿಯಿಟ್ಟು ಕುಳಿತ ಶೆಟ್ಟಿ ದಂಪತಿಯ ಗೊಂಬೆ ಮುಂದಕ್ಕೆ ಜಾರಿ ಬಿದ್ದು ಒಡೆಯಿತು. ಅತ್ತೆಯವರ ತವರಿನಿಂದ ಬಂದಿದ್ದ ಮಣ್ಣಿನ ಗೊಂಬೆಯದು. ಅದರ ಬೆಲೆಯನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಏಕೆಂದರೆ ಅದಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಬೇಸರದಲ್ಲಿ ಒಂದು ತಿಂಗಳು ಸುಮ್ಮನಿದ್ದು, ಅನಂತರ ಉಳಿದ ಒಂದು ಕೊಳವೆಯಿಂದ ಒಂದಡಿಯ ತುಂಡನ್ನು ಕತ್ತರಿಸಿ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಮಣೆಯಿಟ್ಟು ಅಕ್ಕಿಯ ಡಬ್ಬವನ್ನು ಇಟ್ಟು ನೋಡಿದೆ. ಅಲುಗಲಿಲ್ಲ. ಅಂಥ ಮೂರು ತುಂಡುಗಳ ಮೇಲೆ ಮಣೆಯಿಟ್ಟು, ಎಪ್ಪತ್ತೈದು ಕಿಲೋ ತೂಗುವ ನನ್ನ ಯಜಮಾನರನ್ನೇ ಹತ್ತಿ ನಿಲ್ಲಲು ಹೇಳಿದೆ, ಆಗಲೂ ಅಲುಗಲಿಲ್ಲ. ಮಲಗಿದಾಗ ಬಗ್ಗುವ ಕೊಳವೆ ನಿಂತಾಗ ಕಂಬವಾಗುತ್ತದೆ ಎಂಬುದು ಅಂದು ನನ್ನ ಕೈಗೇ ಗೊತ್ತಾಯಿತು. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಅವರು ಕಾಗದದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ 1995ರ ಕೋಬೆ ಭೂಕಂಪದ ಸಂತ್ರಸ್ತರಿಗೆ ಮನೆಗಳನ್ನು ಕಟ್ಟಿದ್ದನ್ನೂ, 2001ರ ಭೂಕಂಪದ ನಂತರ ನಮ್ಮ ಭುಜ್‌ನಲ್ಲಿಯೂ ಅಂಥ ಮನೆಯನ್ನು ಕಟ್ಟಿದ್ದನ್ನೂ ಓದಿದ್ದು ಆ ಬಳಿಕವೇ. ಕೋಬೆಯಲ್ಲಿ ಅವರು ಬಳಸಿದ ಕೊಳವೆಯ ದಪ್ಪ ಕೇವಲ 4 ಮಿಲಿಮೀಟರ್. ಈ ವಿಷಯವನ್ನು ಅತ್ತೆಯವರಿಗೆ ಓದಿ ಹೇಳಿದಾಗ ಅವರು ಎಲ್ಲವನ್ನೂ ಕೇಳಿ, “ಅದೆಲ್ಲ ಸರಿ ಕಣಮ್ಮ, ಮಳೆ ಇನ್ನೂ ಮುಗಿದಿರೋದಿಲ್ಲ, ರಟ್ಟು ನೆಂದರೆ ಏನು ಗತಿ?” ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿತ್ತು.

2019ರಲ್ಲಿ ಬಟ್ಟೆ ಅಂಗಡಿಯ ತೆಳು ಕೊಳವೆಗಳನ್ನು ಬಿಟ್ಟು, ಬ್ಯಾನರ್ ಮುದ್ರಿಸುವ ಅಂಗಡಿಯಿಂದ ದಪ್ಪ ಕೊಳವೆಗಳನ್ನು ತಂದೆ. ಇವುಗಳ ಉದ್ದ ಹತ್ತು ಅಡಿ, ಒಳಗಿನ ವ್ಯಾಸ ಮೂರು ಅಂಗುಲ, ಗೋಡೆಯ ದಪ್ಪ ಸುಮಾರು ಕಾಲು ಅಂಗುಲ. ಒಂದೊಂದೂ ಮೂರೂವರೆ ಕಿಲೋ ತೂಗುತ್ತದೆ. ಗುಜರಿಯವರು ಕೊಡುವುದಕ್ಕಿಂತ ಸ್ವಲ್ಪ ಹೆಚ್ಚಾಗಿ, ಒಂದಕ್ಕೆ ನಲವತ್ತು ರೂಪಾಯಿ ಕೊಟ್ಟೆ. ನನ್ನ ಮೆಟ್ಟಿಲಿನ ಏರು ಒಂಬತ್ತು ಅಂಗುಲ, ಆದ್ದರಿಂದ ಕಾಲುಗಳ ಉದ್ದ 9, 18, 27, 36, 45, 54, 63 ಅಂಗುಲ, ಪ್ರತಿ ಹಲಗೆಗೆ ನಾಲ್ಕು ಕಾಲು. ಹೇಗೆ ಕತ್ತರಿಸಿದರೆ ವ್ಯರ್ಥವಾಗುವುದಿಲ್ಲ ಎಂದು ಎರಡು ದಿನ ಕಾಗದದ ಮೇಲೆ ಲೆಕ್ಕ ಹಾಕಿದ ನಂತರ ಸಿಕ್ಕಿದ ಉತ್ತರ ನನಗೆ ಇಂದಿಗೂ ಸಂತೋಷ ಕೊಡುತ್ತದೆ: 63 ಮತ್ತು 54 ಸೇರಿ 117, 45, 36, 27 ಮತ್ತು 9 ಸೇರಿದರೂ 117. 120 ಅಂಗುಲದ ಕೊಳವೆಯಲ್ಲಿ ಮೂರೇ ಅಂಗುಲ ಉಳಿಯುತ್ತದೆ. ಹೀಗೆ ಎಂಟು ಕೊಳವೆಗಳಲ್ಲಿ ಎಲ್ಲವೂ ಮುಗಿದು, ನಾಲ್ಕು 18 ಅಂಗುಲದ ಕಾಲುಗಳಿಗಾಗಿ ಮಾತ್ರ ಒಂಬತ್ತನೆಯದನ್ನು ಕತ್ತರಿಸಬೇಕಾಗುತ್ತದೆ.

ಕತ್ತರಿಸುವುದು ನೆಟ್ಟಗಿರದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಕಾಗದದ ಹಾಳೆಯೊಂದನ್ನು ಕೊಳವೆಗೆ ಸುತ್ತಿ, ಅಂಚಿಗೆ ಅಂಚು ಕೂಡುವಂತೆ ಹಿಡಿದು ಪೆನ್ಸಿಲಿನಿಂದ ಗೆರೆ ಎಳೆದು, ಕೊಳವೆಯನ್ನು ಉರುಳಿಸುತ್ತ ಹ್ಯಾಕ್ಸಾದಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಕೊಯ್ಯಬೇಕು. ಒಂದೇ ಕಡೆಯಿಂದ ಕೊಯ್ದುಕೊಂಡು ಹೋದರೆ ಕೊನೆಯಲ್ಲಿ ಪದರ ಕಿತ್ತುಬರುತ್ತದೆ. ನನ್ನ ಎರಡು ಕಾಲುಗಳು ಹಾಗೆಯೇ ಹಾಳಾದವು.

ಆ ವರ್ಷ ಆರು ದಿನ ಎಲ್ಲವೂ ಗಟ್ಟಿಯಾಗಿ ನಿಂತಿತು. ಸರಸ್ವತಿ ಪೂಜೆಯ ಬೆಳಗ್ಗೆ ನೋಡಿದರೆ ಎಡಗಡೆಯ ಮೇಲಿನ ಎರಡು ಮೆಟ್ಟಿಲುಗಳು ವಾಲಿದ್ದವು. ದಿನವೂ ನೆಲ ಒರೆಸುವಾಗ ಕಾಲುಗಳ ಬುಡದಲ್ಲಿ ನಿಂತ ನೀರನ್ನು ರಟ್ಟು ಬತ್ತಿಯಂತೆ ಹೀರಿಕೊಂಡು, ಕೆಳಗಿನ ಒಂದೂವರೆ ಅಂಗುಲ ಮೆತ್ತಗಾಗಿತ್ತು. ಹೊರಗೆ ಬೇರೆ ಹಸ್ತ ಮಳೆ. ಅತ್ತೆಯವರು ಏನೂ ಹೇಳದೆ ಪಟ್ಟದ ಗೊಂಬೆಗಳನ್ನು ಎತ್ತಿ ದೇವರ ಮನೆಯ ಮಣೆಯ ಮೇಲೆ ಕೂರಿಸಿದರು. ಓರಗಿತ್ತಿ ಮಾತ್ರ ಕಬ್ಬಿಣದ ಮೆಟ್ಟಿಲಿನ ಬೆಲೆಯನ್ನು ಇನ್ನೊಮ್ಮೆ ನೆನಪಿಸಿದರು.

ಮೂರನೆಯ ವರ್ಷದ ಬದಲಾವಣೆಗಳೇ ಇಂದಿಗೂ ಉಳಿದಿರುವುದು. ಮೊದಲನೆಯದಾಗಿ, ಪ್ರತಿ ಕಾಲಿನ ಎರಡೂ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ, ನೀರು ಬೆರೆಸಿದ ಫೆವಿಕಾಲನ್ನು ಎರಡು ಸಲ ಕುಡಿಸಿ, ಒಣಗಿದ ಮೇಲೆ ವಾರ್ನಿಶ್ ಬಳಿದೆ. ನೆಲಕ್ಕೆ ತಾಗುವ ತುದಿಯನ್ನು ಹಳೆಯ ಸ್ಟೀಲ್ ಡಬ್ಬಗಳ ಮುಚ್ಚಳಗಳನ್ನು ಬೋರಲು ಹಾಕಿ ಅವುಗಳ ಮೇಲೆ ನಿಲ್ಲಿಸಿದೆ. ಎರಡನೆಯದಾಗಿ, ಹಲಗೆಗಳಿಗೆ 12 ಮಿಲಿಮೀಟರ್ ಪ್ಲೈವುಡ್ ತಂದೆ. ಎಂಟಕ್ಕೆ ನಾಲ್ಕು ಅಡಿಯ ಒಂದು ಹಾಳೆಯಲ್ಲಿ ಹತ್ತು ಅಂಗುಲ ಅಗಲದ ಒಂಬತ್ತು ಹಲಗೆಗಳು ಬರುತ್ತವೆ, ಬೇಕಾದದ್ದು ಏಳು. ಮಿಕ್ಕ ಒಂದು ಹಲಗೆಯಿಂದ ಮೂರು ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ ವ್ಯಾಸದ ಇಪ್ಪತ್ತೆಂಟು ಬಿಲ್ಲೆಗಳನ್ನು ಬಡಗಿಯಿಂದ ಕತ್ತರಿಸಿಕೊಂಡು, ಹಲಗೆಗಳ ಅಡಿಯಲ್ಲಿ ಮೂಲೆಗೊಂದರಂತೆ ಅಂಟಿಸಿದೆ. ಈ ಬಿಲ್ಲೆಗಳು ಕೊಳವೆಯ ಬಾಯಿಗೆ ಬಿರಟೆಯಂತೆ ಕೂರುವುದರಿಂದ ಹಲಗೆ ಜಾರುವ ಪ್ರಶ್ನೆಯೇ ಇಲ್ಲ. ಮೂರನೆಯದಾಗಿ, ಒಂದು ಮೆಟ್ಟಿಲಿನ ಹಿಂದಿನ ಕಾಲುಗಳನ್ನೂ ಅದರ ಹಿಂದಿನ ಮೆಟ್ಟಿಲಿನ ಮುಂದಿನ ಕಾಲುಗಳನ್ನೂ ಹಳೆಯ ಮಂಚದ ನವಾರು ಪಟ್ಟಿಯಿಂದ ಸೇರಿಸಿ ಬಿಗಿದು ಕಟ್ಟಿದೆ. ಬಿಡಿಬಿಡಿಯಾಗಿ ನಿಂತಾಗ ಅಲ್ಲಾಡುತ್ತಿದ್ದ ಕಂಬಗಳು ಹೀಗೆ ಕಟ್ಟಿದ ಮೇಲೆ ಒಂದೇ ಮೈಯಾಗುತ್ತವೆ.

ಮೇಲಿನ ಮೂರು ಮೆಟ್ಟಿಲುಗಳ ಕಾಲುಗಳೊಳಗೆ ನಾನೊಂದು ವಸ್ತುವನ್ನು ಅರ್ಧದವರೆಗೆ ತುಂಬುತ್ತೇನೆ. ಅದು ಮರಳಲ್ಲ, ಸಿಮೆಂಟೂ ಅಲ್ಲ, ಹಬ್ಬ ಮುಗಿದ ಮೇಲೆ ಸುರಿದುಬಿಡಬಹುದಾದ ಪದಾರ್ಥ. ಅದನ್ನು ಸದ್ಯ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಇಷ್ಟು ಮಾಡಿದವರಿಗೆ ಅದು ತಾನಾಗಿಯೇ ಹೊಳೆಯುತ್ತದೆ.

ನೆನಪಿನಿಂದ ಹೇಳುವುದಾದರೆ ಕೊಳವೆಗಳಿಗೆ 360, ಸಾಗಿಸಿದ ಆಟೋಗೆ 300, ಪ್ಲೈವುಡ್ಡಿಗೆ 1,900, ಕತ್ತರಿಸಿದ ಕೂಲಿ 500, ಅಂಟು ಮತ್ತು ವಾರ್ನಿಶ್‌ಗೆ 250, ಒಟ್ಟು ಮೂರು ಸಾವಿರದ ಮುನ್ನೂರರ ಆಸುಪಾಸು. ಹಾಳಾದ ಮೊದಲ ಎರಡು ವರ್ಷಗಳ ಖರ್ಚನ್ನು ಸೇರಿಸಿದರೂ ಕಬ್ಬಿಣದ ಮೆಟ್ಟಿಲಿನ ಅರ್ಧ ಬೆಲೆಯಾಗಲಿಲ್ಲ. ಆ ವರ್ಷ ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸುವಾಗ ಅತ್ತೆಯವರು ಮೇಲಿನ ಹಲಗೆಯನ್ನು ಕೈಯಿಂದ ಒತ್ತಿ ನೋಡಿ, ಮುಂದಿನ ವರ್ಷ ಅಟ್ಟದ ಮೇಲಿನ ದೊಡ್ಡ ದಶಾವತಾರವನ್ನೂ ಇಳಿಸಬಹುದು ಎಂದರು. ನನಗೆ ಅಷ್ಟು ಸಾಕಾಗಿತ್ತು.

ಇನ್ನು ಉಳಿದ ಹನ್ನೊಂದೂವರೆ ತಿಂಗಳು ಈ ಕೊಳವೆಗಳು ಮಾಡುವ ಕೆಲಸ ನನಗೆ ಮೆಟ್ಟಿಲಿಗಿಂತಲೂ ಹೆಚ್ಚಿನದು. ಮಡಚಿಟ್ಟ ಸೀರೆಗಳಲ್ಲಿ ಮಡಿಕೆಯ ಗೆರೆಯಲ್ಲಿಯೇ ಜರಿ ಮುರಿಯುವುದು, ರೇಷ್ಮೆ ಸೀಳುವುದು ನಮಗೆಲ್ಲ ಗೊತ್ತಿರುವ ದುಃಖ. ಸೀರೆಯ ಅಗಲ ನಲವತ್ತಾರು, ನಲವತ್ತೇಳು ಅಂಗುಲ ಇರುವುದರಿಂದ 45ರ ಕಾಲುಗಳು ಸಾಲುವುದಿಲ್ಲ. 54 ಮತ್ತು 63 ಅಂಗುಲದ ಎಂಟು ಕಾಲುಗಳಲ್ಲಿ, ಒಂದಕ್ಕೆ ಎರಡರಂತೆ, ಹದಿನಾರು ಸೀರೆಗಳನ್ನು ಮಡಿಕೆಯೇ ಇಲ್ಲದೆ ಸುತ್ತಿಡುತ್ತೇನೆ. ಮೊದಲ ಸಲ ಕೆನೆಬಣ್ಣದ ಮೈಸೂರು ರೇಷ್ಮೆಯೊಂದನ್ನು ಬರಿಯ ರಟ್ಟಿನ ಮೇಲೆಯೇ ಸುತ್ತಿಟ್ಟಿದ್ದೆ. ಎಂಟು ತಿಂಗಳ ನಂತರ ಬಿಚ್ಚಿದಾಗ ಒಳಸುತ್ತಿನಲ್ಲಿ ಹಳದಿ ಪಟ್ಟೆ ಬಿದ್ದಿತ್ತು, ಏಕೆಂದರೆ ರಟ್ಟಿನಲ್ಲಿರುವ ಆಮ್ಲದ ಅಂಶ ಬಟ್ಟೆಗೆ ಇಳಿಯುತ್ತದೆ. ಡ್ರೈವಾಶಿಗೆ ಮುನ್ನೂರೈವತ್ತು ಕೊಟ್ಟರೂ ಆ ಪಟ್ಟೆ ಮಸುಕಾಯಿತೇ ಹೊರತು ಹೋಗಲಿಲ್ಲ. ಈಗ ಕೊಳವೆಗೆ ಮೊದಲು ಅಡುಗೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಅದರ ಮೇಲೆ ಗಂಜಿಯೆಲ್ಲ ಹೋಗುವಂತೆ ಒಗೆದ ಹಳೆಯ ಬಿಳಿ ಪಂಚೆಯನ್ನು ಸುತ್ತಿ, ಆಮೇಲೆ ಸೆರಗು ಹೊರಗೆ ಬರುವಂತೆ ಸೀರೆಯನ್ನು ಸಡಿಲವಾಗಿ ಸುತ್ತುತ್ತೇನೆ. ಎರಡು ಸೀರೆಗಳ ನಡುವೆ ಮತ್ತೊಂದು ಪಂಚೆ. ಕಟ್ಟಲು ಹತ್ತಿಯ ಪಟ್ಟಿಯೇ ಆಗಬೇಕು; ರಬ್ಬರ್ ಬ್ಯಾಂಡಿನಲ್ಲಿರುವ ಗಂಧಕ ಜರಿಯ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕೊಳವೆಯೊಳಗೆ ಪರದೆಯ ಸಲಾಕೆ ತೂರಿಸಿ ಬೀರುವಿನ ಹಿಂದಿನ ಕೊಂಡಿಗಳಿಗೆ ತೂಗುಹಾಕುವುದರಿಂದ ಸೀರೆಯ ಭಾರ ಸೀರೆಯ ಮೇಲೆಯೇ ಬೀಳುವುದಿಲ್ಲ. ಗಂಜಿ ಉಳಿದ ಪಂಚೆಯನ್ನು ಒಂದು ವರ್ಷ ಅವಸರದಲ್ಲಿ ಬಳಸಿದ್ದಕ್ಕೆ ಬೆಳ್ಳಿಹುಳ ಬಂದು, ಪುಣ್ಯಕ್ಕೆ ಪಂಚೆಯನ್ನಷ್ಟೇ ತಿಂದು ಹೋಯಿತು.

ಕತ್ತರಿಸಿ ಉಳಿದ ಮೂರಂಗುಲದ ಬಳೆಗಳನ್ನು ಎಸೆಯಲು ಮನಸ್ಸಾಗದೆ, ತಳಕ್ಕೆ ಕಾಗದವಿಟ್ಟು ಗೊಬ್ಬರದ ಮಣ್ಣು ತುಂಬಿ ಅವರೆ ಬೀಜ ಊರಿದೆ. ಸಸಿಗಳು ಚೆನ್ನಾಗಿಯೇ ಬಂದವು, ಆದರೆ ಬಳೆಯ ಸಮೇತ ನೆಲಕ್ಕಿಟ್ಟಾಗ ಅಷ್ಟು ದಪ್ಪದ ರಟ್ಟು ಎರಡು ತಿಂಗಳಾದರೂ ಕರಗದೆ ಬೇರುಗಳು ಒಳಗೇ ಸುತ್ತಿಕೊಂಡವು. ಆ ಕೆಲಸಕ್ಕೆ ಅಡುಗೆಮನೆಯ ಟಿಶ್ಯೂ ಸುತ್ತಿ ಬರುವ ತೆಳು ಕೊಳವೆಯೇ ಸರಿ. ಫಾಯಿಲ್‌ನ ಖಾಲಿ ಕೊಳವೆಗಳಿಂದ ಒಂದು ವರ್ಷ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಮಾದರಿಯನ್ನು ಮಾಡಿದೆ: ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳಿಗೆ ಬದಲಾಗಿ ನವಿಲುಬಣ್ಣ ಬಳಿದ ಕೊಳವೆಗಳು, ಬಣ್ಣದ ಗಾಜಿನ ಚಾವಣಿಗೆ ಬದಲಾಗಿ ಮಿಠಾಯಿಯ ಬಣ್ಣದ ಹಾಳೆ. ಗೊಂಬೆ ನೋಡಲು ಬಂದವರೆಲ್ಲ ಅದರ ಮುಂದೆಯೇ ನಿಂತರು. ಅದೇ ಕೊಳವೆಗಳನ್ನು ಮರುವರ್ಷ ಉದ್ದುದ್ದ ಸೀಳಿ, ಗೊಂಬೆ ಬಾಗಿನಕ್ಕೆ ಬರುವ ಮಕ್ಕಳಿಗಾಗಿ ಬಾಗಿಲ ಹಿಂದೆ ಗೋಲಿ ಓಡುವ ದಾರಿಯನ್ನು ಅಂಟಿಸಿದೆ. ಇಳಿಜಾರು ಅಡಿಗೆ ಒಂದು ಅಂಗುಲದಷ್ಟಿದ್ದರೆ ಗೋಲಿ ತಿರುವಿನಲ್ಲಿ ನಿಲ್ಲುತ್ತದೆ. ಎರಡು ಮೀರಿದರೆ ಹೊರಗೆ ಹಾರುತ್ತದೆ. ಒಂದೂವರೆ ಅಂಗುಲಕ್ಕೆ ನಾನು ಬಂದು ನಿಂತಿದ್ದೇನೆ.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮೊದಲು ಸೀರೆಗಳನ್ನು ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹಾಕುತ್ತೇನೆ. ಕೊಳವೆಗಳು ಕಾಲುಗಳಾಗುತ್ತವೆ, ಸೀರೆಗಳಲ್ಲಿ ಒಂಬತ್ತನ್ನು ಒಂಬತ್ತು ದಿನ ಉಡುತ್ತೇನೆ. ಏಕಾದಶಿಯ ದಿನ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆ ಪ್ರತಿ ಕಾಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದ ಅಂಕಿಯನ್ನು ನೋಡಿಕೊಂಡು, ಬುಡವನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿ, ಒಂದು ದಿನ ಬಿಸಿಲಿಗಿಟ್ಟು, ಮತ್ತೆ ಸೀರೆ ಸುತ್ತುತ್ತೇನೆ. ಇಪ್ಪತ್ತೆಂಟರಲ್ಲಿ ಇಂದಿನವರೆಗೆ ಬದಲಿಸಿದ್ದು ಮೂರನೆಯ ಮೆಟ್ಟಿಲಿನ ಎಡಗಡೆಯ ಒಂದೇ ಒಂದು ಕಾಲನ್ನು, ಅದೂ ಕಲಶದ ನೀರು ಅದರ ಮೇಲೆ ಚೆಲ್ಲಿದ್ದರಿಂದ.