ಪದವಿ ಪ್ರದಾನದ ದಿನ ಎಲ್ಲರಿಗಾಗಿ ಪ್ರಾರ್ಥಿಸುವುದು ಹೇಗೆ?

ಕ್ರೈಸ್ತ ಕಾಲೇಜಿನ ಪದವಿ ಪ್ರದಾನದಲ್ಲಿ ಪ್ರಾರ್ಥಿಸುವ ಹೊಣೆ ನಿಮ್ಮದಾದರೆ, ಪ್ರಾರ್ಥನೆ ಬರೆಯಲು ಕೂರುವ ಮೊದಲು ಸಭಾಂಗಣಕ್ಕೆ ಹೋಗಿ, ಪೋಷಕರಿಗೆಂದು ಹಾಕಿದ ಕುರ್ಚಿಯೊಂದರಲ್ಲಿ ಐದು ನಿಮಿಷ ಕುಳಿತು ಬನ್ನಿ. ನಾಳೆ ಅಲ್ಲಿ, ನಸುಕಿನ ಬಸ್ಸು ಹಿಡಿದು ಬಂದ ತಾಯಿಯೊಬ್ಬಳು ಕುಳಿತಿರುತ್ತಾಳೆ. ಮುಡಿಯಲ್ಲಿ ಮಲ್ಲಿಗೆ, ಮಡಿಲಲ್ಲಿ ಮಗಳ ಹಳೆಯ ಚಪ್ಪಲಿ ಸುತ್ತಿಟ್ಟ ಚೀಲ. ಬೈಬಲಿನ ಒಂದು ವಾಕ್ಯವೂ ಆಕೆಗೆ ತಿಳಿಯದಿರಬಹುದು. ದೇವರಿಗೆ ಕೈಮುಗಿಯುವುದು ಮಾತ್ರ ನಿಮ್ಮಷ್ಟೇ ಚೆನ್ನಾಗಿ ಗೊತ್ತು. ನಿಮ್ಮ ಮಾತು ಆಕೆಯನ್ನೂ ತಲುಪಬೇಕು.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ, ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿ. ಇಂಥ ಸಂಸ್ಥೆಗಳ ಬೆಂಚುಗಳಲ್ಲಿ ಎಲ್ಲ ಧರ್ಮದ ಮಕ್ಕಳೂ ಒತ್ತಾಗಿ ಕುಳಿತು ಓದಿದ್ದಾರೆ. ವೇದಿಕೆಯ ಮೇಲೆ ನಿಂತು ಪ್ರಾರ್ಥಿಸುವ ಫಾದರ್, ಸಿಸ್ಟರ್ ಅಥವಾ ಅಧ್ಯಾಪಕರ ಎದುರಿಗಿರುವುದೂ ಅದೇ ಬೆರಕೆಯ ಸಭೆ.

ಮೊದಲು ಕರೆಯುವ ಮಾತನ್ನು ತಿದ್ದಿಕೊಳ್ಳಿ. ‘ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿ ಪ್ರಾರ್ಥಿಸೋಣ’ ಎಂಬುದು ಆಜ್ಞೆ. ‘ನಾನು ಕ್ರೈಸ್ತ ಸಂಪ್ರದಾಯದಂತೆ ಪ್ರಾರ್ಥಿಸುತ್ತೇನೆ. ಇಷ್ಟವಿದ್ದವರು ಜೊತೆಗೂಡಬಹುದು, ಉಳಿದವರು ತಮ್ಮ ರೀತಿಯಲ್ಲಿ ಮೌನವಾಗಿರಬಹುದು’ ಎಂದರೆ ಅದು ಆಹ್ವಾನ. ಇದು ಬರೀ ಸೌಜನ್ಯದ ಮಾತಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಆರಾಧನೆಗೆ ಹಾಜರಾಗುವಂತೆ ಒತ್ತಾಯಿಸಬಾರದು ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ.

ಇನ್ನು ಸಂಬೋಧನೆ. ಕನ್ನಡ ಕ್ರೈಸ್ತರಲ್ಲೇ ಪದಗಳು ಬೇರೆ ಬೇರೆ: ಪ್ರೊಟೆಸ್ಟೆಂಟರ ಹಳೆಯ ಬೈಬಲಿನಲ್ಲಿ ‘ಯೆಹೋವ’, ಕಥೋಲಿಕರಲ್ಲಿ ‘ಸರ್ವೇಶ್ವರ’. ಬೆರೆತ ಸಭೆಯಲ್ಲಿ ‘ದೇವರೇ’, ‘ಕರುಣಾಮಯಿಯೇ’, ‘ಜ್ಞಾನದ ಮೂಲವೇ’ ಎಂದು ಕರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ಕ್ರೈಸ್ತ ನಂಬಿಕೆಗೂ ಕುಂದಿಲ್ಲ. ಜ್ಞಾನ ಕಡಿಮೆ ಎನಿಸಿದವರು ದೇವರನ್ನು ಕೇಳಲಿ, ಆತ ಉದಾರವಾಗಿ ಕೊಡುತ್ತಾನೆ ಎಂದು ಬೈಬಲಿನ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಇದೆಯಲ್ಲ.

ಎಚ್ಚರ ಬೇಕಾದದ್ದು ‘ನಾವು’ ಎಂಬ ಪದದ ಬಗ್ಗೆ. ‘ನಾವು ಕೃತಜ್ಞರಾಗಿದ್ದೇವೆ’ ಎಂದರೆ ಯಾರಿಗೂ ತೊಡಕಿಲ್ಲ. ‘ನಮ್ಮೆಲ್ಲರ ರಕ್ಷಕನಾದ ಯೇಸುವೇ’ ಎಂದ ಕೂಡಲೇ ಮುಸ್ಲಿಂ ಹುಡುಗನ, ಜೈನ ಹುಡುಗಿಯ ಬಾಯಿಗೆ ಅವರದ್ದಲ್ಲದ ಮಾತನ್ನು ತುರುಕಿದಂತಾಗುತ್ತದೆ. ಹಾಗೆಂದು ಯೇಸುವಿನ ಹೆಸರನ್ನೇ ಬಿಡಬೇಕು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬಂದವರಿಗೆ ತಾವು ಯಾವ ಕಾಲೇಜಿಗೆ ಬಂದಿದ್ದೇವೆಂದು ಗೊತ್ತಿದೆ. ನಂಬಿಕೆಯನ್ನು ಮುಚ್ಚಿಟ್ಟು ಪ್ರಾರ್ಥಿಸಿದರೆ ಅದು ಅವರಿಗೂ ಟೊಳ್ಳಾಗಿಯೇ ಕೇಳಿಸುತ್ತದೆ. ದಾರಿ ಸರಳ: ಬೇಡಿಕೆ ಎಲ್ಲರಿಗಾಗಿ ಇರಲಿ, ಕೊನೆಯ ಸಾಲು ‘ನಾನು’ ಎಂದಿರಲಿ. ‘ಕತ್ತಲೆಯಲ್ಲಿರುವವರು’, ‘ದಾರಿ ತಪ್ಪಿದ ಕುರಿಗಳು’ ಎಂಬ ಮಾತುಗಳನ್ನು ಚರ್ಚಿನಲ್ಲಿ ಆಡಿದರೆ ನಮಗೆ ನಾವೇ ಹೇಳಿಕೊಂಡಂತೆ. ಇಲ್ಲಿ ಆಡಿದರೆ ಎದುರಿಗಿರುವವರನ್ನೇ ಬೊಟ್ಟು ಮಾಡಿ ತೋರಿಸಿದಂತೆ.

ಬೇಡಿಕೆಗಳನ್ನು ಬರೆಯುವಾಗ ‘ಉಜ್ವಲ ಭವಿಷ್ಯ’ ಎಂದಷ್ಟೇ ಬರೆದು ಮುಗಿಸಬೇಡಿ. ನಾಲ್ಕು ಗಂಟೆಗೆ ಎದ್ದು ಹಾಸ್ಟೆಲಿನ ಒಲೆ ಹಚ್ಚಿದವರು, ಶಿಕ್ಷಣ ಸಾಲದ ಕಂತು ನೆನೆದು ನಿದ್ದೆಗೆಟ್ಟ ಅಪ್ಪ, ಒಂದು ವಿಷಯ ಉಳಿದುಹೋಗಿ ಇಂದು ಗೌನು ತೊಡಲಾಗದ ಗೆಳೆಯ, ಈ ದಿನ ನೋಡಲು ಇಲ್ಲದ ಅಮ್ಮ: ಇವರನ್ನು ಪ್ರಾರ್ಥನೆಯಲ್ಲಿ ನೆನೆದಾಗ ಸಭೆ ತಾನಾಗಿಯೇ ಸ್ತಬ್ಧವಾಗುತ್ತದೆ. ಅತಿಥಿಗಳ ಹೆಸರು ಮತ್ತು ಹುದ್ದೆಗಳು ಸ್ವಾಗತ ಭಾಷಣದ ಪಾಲಿಗಿರಲಿ.

ಒಂದು ಮಾದರಿ ಕೊಡುತ್ತೇನೆ:

‘ಜ್ಞಾನದ ಮೂಲವಾದ ದೇವರೇ, ಈ ಮಕ್ಕಳನ್ನು ಇಲ್ಲಿಯವರೆಗೆ ನಡೆಸಿದ್ದಕ್ಕೆ ವಂದನೆ. ಇವರಿಗಾಗಿ ದುಡಿದ ಕೈಗಳನ್ನು, ಇವರಿಗೆ ಅಕ್ಷರ ಕಲಿಸಿದವರನ್ನು, ಅನ್ನ ಬಡಿಸಿದವರನ್ನು ಹರಸು. ಇಂದು ನಮ್ಮ ನಡುವೆ ಇಲ್ಲದವರ ನೆನಪನ್ನು ಹೊತ್ತು ಕುಳಿತ ಮನಸ್ಸುಗಳಿಗೆ ಸಾಂತ್ವನ ಕೊಡು. ಕೆಲಸ ಸಿಕ್ಕವರಿಗೆ ಪ್ರಾಮಾಣಿಕತೆ ಕೊಡು, ಇನ್ನೂ ಹುಡುಕುತ್ತಿರುವವರಿಗೆ ಧೈರ್ಯ ಕೊಡು. ನ್ಯಾಯವಾಗಿ ನಡೆಯಲು, ಕರುಣೆಯನ್ನು ಪ್ರೀತಿಸಲು, ತಗ್ಗಿ ಬಾಳಲು ಇವರಿಗೆ ಕಲಿಸು. ಯಾರ ಬಾಯಲ್ಲಿ ನಿನ್ನ ಹೆಸರು ಯಾವುದೇ ಇರಲಿ, ಇಲ್ಲಿರುವ ಎಲ್ಲರ ಮನೆಗೂ ಸಮಾಧಾನ ದೊರಕಲಿ. ಇದನ್ನು ನಾನು ಯೇಸುಸ್ವಾಮಿಯ ನಾಮದಲ್ಲಿ ಬೇಡುತ್ತೇನೆ. ಆಮೆನ್.’

ನ್ಯಾಯ, ಕರುಣೆ, ನಮ್ರತೆಯ ಆ ಸಾಲಿನ ಬೇರು ಮೀಕನ ಗ್ರಂಥದ ಆರನೆಯ ಅಧ್ಯಾಯದಲ್ಲಿದೆ. ಬೈಬಲ್ ಓದಿದವರು ಗುರುತಿಸುತ್ತಾರೆ. ಓದದವರಿಗೂ ಅದು ಹೊರಗಿನದ್ದು ಎನಿಸುವುದಿಲ್ಲ.

ಬರೆದದ್ದನ್ನು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ಎರಡು ನಿಮಿಷ ದಾಟಿದರೆ ಕತ್ತರಿಸಿ. ನಂತರ ಬೇರೆ ಧರ್ಮದ ಸಹೋದ್ಯೋಗಿಯೊಬ್ಬರಿಗೆ ಕೊಟ್ಟು, ‘ಎಲ್ಲಾದರೂ ಮುಜುಗರವಾಯಿತೇ?’ ಎಂದು ಕೇಳಿ. ಅವರು ಬೆರಳಿಟ್ಟ ಸಾಲನ್ನು ಸಮರ್ಥಿಸಿಕೊಳ್ಳಲು ಹೋಗದೆ ಬದಲಿಸಿ. ಕರಾವಳಿಯ ಸಭೆಯಾದರೆ ಕೊನೆಗೆ ‘ದೇವ್ ಬರೆಂ ಕರುಂ’ ಎಂದು ಸೇರಿಸಬಹುದು. ದೇವರು ಒಳ್ಳೆಯದು ಮಾಡಲಿ ಎಂಬ ಆ ಮಾತನ್ನು ಕೊಂಕಣಿ ಕಥೋಲಿಕರು ಧನ್ಯವಾದ ಹೇಳುವಾಗ ಬಳಸುತ್ತಾರೆ.

ಆಮೆನ್ ಎಂದ ಕೂಡಲೇ ಮೈಕ್ ಬಿಟ್ಟು ಇಳಿಯಬೇಡಿ. ಹದಿನೈದು ಸೆಕೆಂಡು ಸುಮ್ಮನೆ ನಿಲ್ಲಿ, ನಿರೂಪಕರಿಗೂ ಮೊದಲೇ ತಿಳಿಸಿಡಿ. ಮೂರನೆಯ ಸಾಲಿನ ಆ ತಾಯಿ ತನ್ನ ದೇವರಿಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಲು ಅಷ್ಟು ಹೊತ್ತು ಬೇಕು.