ಗಂಧೆ ಎಬ್ಬಿಸುವವರು ಯಾರು: ಆರು ವಾರದೊಳಗೆ, ಆರು ವಾರದ ನಂತರ

ಪಿತ್ತದ ಗಂಧೆ ಎಂದು ಬಂದವರಿಗೆ ನಾನು ಮೊದಲು ಮಾಡುವ ಪರೀಕ್ಷೆಗೆ ಬೇಕಾಗುವುದು ಒಂದು ಬಾಲ್‌ಪೆನ್. ಹೊಸದಾಗಿ ಎದ್ದ ಒಂದು ಗಂಧೆಯ ಸುತ್ತ ಗೆರೆ ಎಳೆದು, ನಾಳೆ ಇದೇ ಹೊತ್ತಿಗೆ ಆ ಜಾಗದ ಫೋಟೊ ತೆಗೆಯಿರಿ ಎನ್ನುತ್ತೇನೆ. ನಿಜವಾದ ಗಂಧೆ 24 ಗಂಟೆಯೊಳಗೆ ಕಲೆ ಉಳಿಸದೆ ಇಳಿಯುತ್ತದೆ. ಪಕ್ಕದಲ್ಲಿ ಬೇರೆಯದು ಎದ್ದಿದ್ದರೆ ಅದು ಬೇರೆ ಲೆಕ್ಕ. ಮರುದಿನವೂ ಗೆರೆಯೊಳಗೆ ಅದೇ ಊತ ಇದ್ದರೆ, ತುರಿಕೆಗಿಂತ ಉರಿ, ನೋವು ಹೆಚ್ಚಿದ್ದರೆ, ಇಳಿದ ಮೇಲೆ ಕಂದು ಕಲೆ ಉಳಿದರೆ ಸಣ್ಣ ರಕ್ತನಾಳಗಳ ಉರಿಯೂತದ ಅನುಮಾನ ಬರುತ್ತದೆ. ಆಗ ಬಯಾಪ್ಸಿ ಮಾಡದೆ ಮುಂದೆ ಹೋಗುವುದಿಲ್ಲ.

ಗಂಧೆ ಯಾವ ಕಾರಣದಿಂದ ಬಂದರೂ ಚರ್ಮದೊಳಗೆ ನಡೆಯುವುದು ಒಂದೇ. ಸಣ್ಣ ರಕ್ತನಾಳ ಮತ್ತು ನರದ ತುದಿಗಳ ಸುತ್ತ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳಿರುತ್ತವೆ. ಅವುಗಳೊಳಗಿನ ಸಣ್ಣ ಕಣಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಕೋಶ ಕೆರಳಿದರೆ ಕೆಲವೇ ನಿಮಿಷದಲ್ಲಿ ಅದು ಹೊರಬಂದು ರಕ್ತನಾಳವನ್ನು ಸೋರುವಂತೆ ಮಾಡುತ್ತದೆ, ಅದರಿಂದ ಊತ. ನರವನ್ನು ಮುಟ್ಟುತ್ತದೆ, ಅದರಿಂದ ತುರಿಕೆ. ಕೋಶವನ್ನು ಕೆರಳಿಸಿದ್ದು ಯಾರು ಎಂಬುದರ ಮೇಲೆ ಚಿಕಿತ್ಸೆಯ ದಾರಿ ಬೇರೆಯಾಗುತ್ತದೆ.

ಆರು ವಾರದೊಳಗಿನ ಗಂಧೆಯಲ್ಲಿ ಕಾರಣ ಸಾಮಾನ್ಯವಾಗಿ ಹೊರಗಿನದು. ಮಕ್ಕಳಲ್ಲಿ ಬಹುಪಾಲು ನೆಗಡಿ, ಜ್ವರದ ವೈರಸ್. ಆಹಾರದ ಅಲರ್ಜಿಯಾದರೆ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಗಂಧೆ ಏಳುತ್ತದೆ, ಅದೇ ಪದಾರ್ಥ ತಿಂದಾಗಲೆಲ್ಲ ಏಳುತ್ತದೆ. ಅಲ್ಲಿ ಮಾಸ್ಟ್ ಕೋಶದ ಮೇಲೆ ಕೂತ ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಸಿಗಡಿ, ಕಡಲೆಕಾಯಿ ಅಥವಾ ಮೊಟ್ಟೆಯ ಪ್ರೋಟೀನನ್ನು ಹಿಡಿದಿರುತ್ತದೆ. ನಿನ್ನೆ ರಾತ್ರಿಯ ಬದನೆಕಾಯಿಗೆ ಇವತ್ತು ಸಂಜೆಯ ಗಂಧೆಯ ಹೊಣೆ ಹೊರಿಸುವುದು ತಪ್ಪು. ನೋವಿನ ಮಾತ್ರೆಗಳನ್ನು ಮಾತ್ರ ಬಿಡಿಸಿ ಬಿಡಿಸಿ ಕೇಳುತ್ತೇನೆ, ಏಕೆಂದರೆ ಮೆಡಿಕಲ್ ಶಾಪಿನಿಂದ ತಂದು ನುಂಗಿದ್ದನ್ನು ಜನ ಔಷಧಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಲ್ಲಿ ಸಾಮಾನ್ಯವಾಗಿ ಐಜಿಇಯ ಪಾತ್ರವಿಲ್ಲ. ಅವು ದೇಹದ ಕಾಕ್ಸ್-1 ಎಂಬ ಕಿಣ್ವವನ್ನು ತಡೆದಾಗ ಊತ ತರುವ ಲ್ಯೂಕೋಟ್ರಿಯೀನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ರಕ್ತದ ಅಲರ್ಜಿ ಪರೀಕ್ಷೆ ಹುಡುಕುವುದು ಐಜಿಇಯನ್ನು, ಹಾಗಾಗಿ ಅದರಲ್ಲಿ ಇದು ಸಿಗುವುದಿಲ್ಲ.

ಜ್ವರದ ಮಗುವಿಗೆ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟ ಮೂರನೇ ದಿನ ಗಂಧೆ ಎದ್ದರೆ ವೈರಸ್ಸೇ ಕಾರಣವಿರಬಹುದು. ಔಷಧಿ ನಿಲ್ಲಿಸುತ್ತೇನೆ, ಆದರೆ ಚೀಟಿಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಜೀವನಪೂರ್ತಿಯ ಮುದ್ರೆ ಒತ್ತುವುದಿಲ್ಲ. ವಾಸಿಯಾದ ಮೇಲೆ ತಜ್ಞರಲ್ಲಿ ಪರೀಕ್ಷೆಗೆ ಬರೆಯುತ್ತೇನೆ.

ಗಂಧೆಯ ಜೊತೆ ಉಸಿರು ಕಟ್ಟಿದರೆ, ದನಿ ಒಡೆದರೆ, ಪದೇ ಪದೇ ವಾಂತಿಯಾದರೆ, ತಲೆ ಸುತ್ತಿ ಬಿದ್ದರೆ ಅದು ಅನಾಫಿಲ್ಯಾಕ್ಸಿಸ್, ಜೀವಕ್ಕೇ ಅಪಾಯ ತರುವ ಅಲರ್ಜಿ. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಅಡ್ರಿನಲಿನ್: ದೊಡ್ಡವರಿಗೆ 0.5 ಮಿ.ಗ್ರಾಂ, ಮಕ್ಕಳಿಗೆ ಕಿಲೋ ತೂಕಕ್ಕೆ 0.01 ಮಿ.ಗ್ರಾಂ. ಮೊದಲು ಏವಿಲ್‌ನಂಥ ಆಂಟಿಹಿಸ್ಟಮಿನ್ (ಹಿಸ್ಟಮಿನ್ ತಡೆಯುವ ಔಷಧಿ) ಕೊಟ್ಟು ನೋಡೋಣ ಎಂದು ಕಾಯುವುದರಲ್ಲೇ ಜೀವ ಹೋಗುತ್ತದೆ.

ಆರು ವಾರ ದಾಟಿ, ಶಾಖ, ಚಳಿ, ಚರ್ಮದ ಮೇಲೆ ಬೀಳುವ ಒತ್ತಡದಂಥ ಪ್ರಚೋದನೆಯೂ ಇಲ್ಲದೆ ಗಂಧೆ ಏಳುತ್ತಿದ್ದರೆ ಊಟದ ತಟ್ಟೆಯಲ್ಲಿ ಕಾರಣ ಹುಡುಕುವುದನ್ನು ನಿಲ್ಲಿಸುತ್ತೇನೆ. ನೂರಾರು ಆಹಾರಗಳ ಅಲರ್ಜಿ ರಕ್ತಪರೀಕ್ಷೆ (ಪ್ಯಾನೆಲ್) ಮಾಡಿಸಿಕೊಂಡು, ಅವರೆಕಾಳು, ಬದನೆ, ಹಾಲು, ಮೊಟ್ಟೆ ಎಲ್ಲ ಬಿಟ್ಟು ಸೊರಗಿ ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ. ಆ ವರದಿಯಲ್ಲಿ ಐಜಿಇ ಪಾಸಿಟಿವ್ ಎಂದರೆ ದೇಹ ಆ ಪದಾರ್ಥವನ್ನು ಗುರುತಿಸಿದೆ ಎಂದಷ್ಟೇ ಅರ್ಥ. ತಿಂದು ಏನೂ ಆಗದಿದ್ದರೆ ಬಿಡಬೇಕಾಗಿಲ್ಲ.

ಇಲ್ಲಿ ಕೆರಳಿಸುವವರು ಬಹಳ ಸಲ ನಮ್ಮದೇ ಪ್ರತಿಕಾಯಗಳು. ಕೆಲವರಲ್ಲಿ ಐಜಿಇಯೇ ಥೈರಾಯ್ಡಿನ ಟಿಪಿಒದಂಥ ಸ್ವಂತ ಪ್ರೋಟೀನಿನ ವಿರುದ್ಧ ತಿರುಗಿರುತ್ತದೆ. ಇನ್ನು ಕೆಲವರಲ್ಲಿ ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ನೇರವಾಗಿ ಐಜಿಇಯನ್ನೋ ಮಾಸ್ಟ್ ಕೋಶದ ಮೇಲೆ ಅದು ಕೂರುವ ಗ್ರಾಹಕವನ್ನೋ (ರಿಸೆಪ್ಟರ್) ಹಿಡಿಯುತ್ತದೆ. ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ (ಉರಿಯೂತದ ಅಳತೆ), ಒಟ್ಟು ಐಜಿಇ, ಟಿಪಿಒ ವಿರುದ್ಧದ ಪ್ರತಿಕಾಯ, ಇಷ್ಟು ನೋಡಿದರೆ ಸಾಕು. ಐಜಿಇ ತೀರಾ ಕಡಿಮೆ, ಟಿಪಿಒ ಪ್ರತಿಕಾಯ ಹೆಚ್ಚು ಎಂದಾದರೆ ಎರಡನೆಯದು, ಅಂದರೆ ಐಜಿಜಿ ಬಗೆ, ಎಂಬ ಅನುಮಾನ ಬಲವಾಗುತ್ತದೆ.

ಅನುಮಾನ ಇನ್ನಷ್ಟು ಪರೀಕ್ಷಿಸಲು ರೋಗಿಯದೇ ಸೀರಮ್ಮಿನ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) ಚರ್ಮ ಪರೀಕ್ಷೆ ಇದೆ. ಆಂಟಿಹಿಸ್ಟಮಿನ್ ಕನಿಷ್ಠ ಮೂರು ದಿನ ನಿಲ್ಲಿಸಿರಬೇಕು. ಏನೂ ಬೆರೆಸದ ಟ್ಯೂಬಿನಲ್ಲಿ ರಕ್ತ ತೆಗೆದು, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ಸೀರಮ್ ಬೇರ್ಪಡಿಸಬೇಕು. ಮುಂಗೈ ಒಳಮೈಯಲ್ಲಿ ಅದನ್ನು 0.05 ಮಿ.ಲೀ. ಚರ್ಮದೊಳಕ್ಕೆ ಕೊಟ್ಟು, ದೂರ ಬಿಟ್ಟು ಅಷ್ಟೇ ಸಲೈನ್, ಇನ್ನೊಂದೆಡೆ ಹಿಸ್ಟಮಿನ್. ಅರ್ಧ ಗಂಟೆಗೆ ಸೀರಮ್ಮಿನ ಗುಳ್ಳೆ ಸಲೈನಿನದಕ್ಕಿಂತ 1.5 ಮಿ.ಮೀ. ದೊಡ್ಡದಿದ್ದರೆ ಪಾಸಿಟಿವ್. ಹಿಸ್ಟಮಿನ್ ಕೊಟ್ಟಲ್ಲೂ ಏನೂ ಏಳದಿದ್ದರೆ ಮಾತ್ರೆಯ ಪ್ರಭಾವ ಇನ್ನೂ ಇದೆ. ಸಲೈನಿಗೂ ಎದ್ದರೆ ಚರ್ಮ ಗೀರಿದರೇ ಊದುವ ಜಾತಿಯದು. ಎರಡರಲ್ಲೂ ಫಲಿತಾಂಶ ನಂಬುವಂತಿಲ್ಲ. ಒಬ್ಬರ ಸೀರಮ್ ಇನ್ನೊಬ್ಬರಿಗೆ ಹೋಗಬಾರದು, ಹಾಗಾಗಿ ಒಂದು ಹೊತ್ತಿಗೆ ಒಬ್ಬರದೇ ಪರೀಕ್ಷೆ.

ಚಿಕಿತ್ಸೆಗೆ ಆಂಟಿಹಿಸ್ಟಮಿನ್ ಮಾತ್ರೆ ದಿನಾ ಬೇಕು, ಗಂಧೆ ಏಳಲಿ ಬಿಡಲಿ. ಅದು ಹಿಸ್ಟಮಿನ್ ಕೂರುವ ಗ್ರಾಹಕವನ್ನು ಮೊದಲೇ ನಿಷ್ಕ್ರಿಯ ಸ್ಥಿತಿಯಲ್ಲಿ ಹಿಡಿದಿಡಬೇಕು; ಎದ್ದ ಮೇಲೆ ನುಂಗಿದರೆ ಸೋರಿದ ನೀರು ವಾಪಸ್ ಹೋಗುವುದಿಲ್ಲ. ಸಿಟ್ರಿಜಿನ್ 10 ಅಥವಾ ಬಿಲಾಸ್ಟಿನ್ 20 ಮಿ.ಗ್ರಾಂನಿಂದ ಶುರು. ಬಿಲಾಸ್ಟಿನ್ ಖಾಲಿ ಹೊಟ್ಟೆಗೇ ಆಗಬೇಕು, ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ. ಎರಡರಿಂದ ನಾಲ್ಕು ವಾರಕ್ಕೆ ಹತೋಟಿಗೆ ಬಾರದಿದ್ದರೆ ವೈದ್ಯರ ನಿಗಾದಲ್ಲಿ ನಾಲ್ಕು ಪಟ್ಟಿನವರೆಗೆ ಏರಿಸಬಹುದು. ಕಿಡ್ನಿ ತೊಂದರೆಯಿದ್ದರೆ ಸಿಟ್ರಿಜಿನ್ ಹೀಗೆ ಏರಿಸುವುದಿಲ್ಲ. ಪ್ರತಿದಿನ ಗಂಧೆಗೆ ಸೊನ್ನೆಯಿಂದ ಮೂರು, ತುರಿಕೆಗೆ ಸೊನ್ನೆಯಿಂದ ಮೂರು ಅಂಕ ಬರೆಸುತ್ತೇನೆ. ಏಳು ದಿನಕ್ಕೆ ಗರಿಷ್ಠ 42; ಮಾತ್ರೆ ಬದಲಿಸುವುದು ಈ ಮೊತ್ತ ನೋಡಿಯೇ. ಸ್ಟೆರಾಯ್ಡ್ ಕೊಟ್ಟರೂ ಹತ್ತು ದಿನ ಮೀರಬಾರದು.

ನಾಲ್ಕು ಪಟ್ಟಿಗೂ ಬಗ್ಗದಿದ್ದರೆ ಓಮಾಲಿಜುಮ್ಯಾಬ್ ಚುಚ್ಚುಮದ್ದು 300 ಮಿ.ಗ್ರಾಂ, ನಾಲ್ಕು ವಾರಕ್ಕೊಮ್ಮೆ. ಅದು ರಕ್ತದಲ್ಲಿನ ಐಜಿಇಯನ್ನು ಹಿಡಿದುಹಾಕುತ್ತದೆ, ಕ್ರಮೇಣ ಕೋಶದ ಮೇಲಿನ ಗ್ರಾಹಕಗಳೂ ಕಡಿಮೆಯಾಗುತ್ತವೆ. ಐಜಿಇ ಬಗೆಯವರಿಗೆ ಬೇಗ ಗುಣ ಕಾಣುತ್ತದೆ. ಐಜಿಜಿ ಬಗೆಯವರಲ್ಲಿ ನಿಧಾನ, ಆರು ತಿಂಗಳು ನೋಡಬೇಕು. ಆಮೇಲಿನ ಆಯ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೊಸ್ಪೊರಿನ್, ಕಿಲೋ ತೂಕಕ್ಕೆ ದಿನಕ್ಕೆ 3ರಿಂದ 5 ಮಿ.ಗ್ರಾಂ, ಬಿಪಿ ಮತ್ತು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಕೊಂಡೇ. ಅಂಕ ಸೊನ್ನೆಗೆ ಬಂತೆಂದು ಮರುವಾರವೇ ಮಾತ್ರೆ ಬಿಟ್ಟರೆ ಗಂಧೆ ಮರಳುವುದು ಸಾಮಾನ್ಯ. ಕೆಲವು ತಿಂಗಳು ಸೊನ್ನೆಯಲ್ಲೇ ನಿಂತ ಮೇಲೆ ಒಂದೊಂದೇ ಮಾತ್ರೆ ಇಳಿಸುತ್ತೇನೆ.